ಕೈ ನಿಂತ ಹೊತ್ತು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಮಾತುಮಾತಿಗೂ ವಾದ ಹೂಡುವ ನನ್ನ ಮುದ್ದು ವಕೀಲಮ್ಮನಿಗೆ, ಅಮ್ಮನ ಆಶೀರ್ವಾದ.

ನಾನಿಲ್ಲಿ ಕ್ಷೇಮ ಅಂತ ಬರೆದು ಮುಂದಕ್ಕೆ ಹೋಗೋಣವೆಂದರೆ ಪೆನ್ನು ಅಲ್ಲೇ ನಿಲ್ಲುತ್ತದೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದಿದ್ದಕ್ಕೆ ಪುರುಸೊತ್ತಿಲ್ಲದ್ದು ಅರ್ಧ ಕಾರಣ, ಉಳಿದರ್ಧ ಸಿಟ್ಟು. ನಿನ್ನ ತತ್ವಶಾಸ್ತ್ರದ ಪ್ರಬಂಧದ ವಿಷಯ ಹೇಳುತ್ತಾ, "ದುಡಿಯುವವರ ಹೊತ್ತು ಮಾತ್ರ ಅಲ್ಲಮ್ಮ, ಕೊನೆಗೆ ಅವರ ಕೈ ಕೂಡ ಅವರದಾಗಿ ಉಳಿಯಲ್ಲ" ಅಂತ ಬರೆದಿದ್ದೆಯಲ್ಲ, ಅದನ್ನು ಓದಿ ಮೈಯೆಲ್ಲ ಉರಿದುಹೋಯಿತು. ನನ್ನ ಕೈ ನನ್ನದಲ್ಲದೆ ಪಕ್ಕದ ಮನೆಯವಳದಾ ಎಂದು ಗೊಣಗಿಕೊಂಡೆ. ಆ ಸಿಟ್ಟು ಈಗ ಇಳಿದಿದೆ. ಯಾಕೆ ಇಳಿಯಿತೆಂದು ಹೇಳುತ್ತೇನೆ, ಕೇಳು.

ನನ್ನ ಕೆಲಸ ನಿನಗೆ ಗೊತ್ತು. ಹೊಲಿದ ಚರ್ಮದ ಕೈಗವಸು ಒಳಮಗ್ಗುಲು ಹೊರಗಾಗಿ ನಮ್ಮ ಕೈಗೆ ಬರುತ್ತದೆ. ಒಂದೊಂದೇ ಬೆರಳಿಗೆ ಕೋಲು ತೂರಿಸಿ ಸರಿಮಗ್ಗುಲಿಗೆ ತಿರುವಬೇಕು. ಹೋದ ತಿಂಗಳು ನಮ್ಮ ಸಾಲಿಗೆ ಗಡಿಯಾರದವನು ಬಂದ. ಒಬ್ಬಳ ವೇಗ ಅಳೆದು, ಗಂಟೆಗೆ ಇಷ್ಟು ಗವಸು ಎಂದು ಎಲ್ಲರಿಗೂ ಅದೇ ಲೆಕ್ಕ ಗೊತ್ತುಮಾಡುವವನು. ಅವನು ಬರುವ ಮೊದಲೇ ಊಟದ ಕೋಣೆಯಲ್ಲಿ ಎಲ್ಲರೂ ಮಾತಾಡಿಕೊಂಡಿದ್ದೆವು: ನಿಧಾನ ಮಾಡುವುದು, ಪ್ರತಿ ಬೆರಳನ್ನೂ ಮತ್ತೊಮ್ಮೆ ಸವರಿ ಬಿಡುವುದು. ನಮ್ಮಲ್ಲಿ ಹಿರಿಯಳಾದ ದೊಡ್ಡಕ್ಕನ ಬೆರಳ ಗೆಣ್ಣುಗಳು ಊದಿಕೊಂಡಿವೆ. ಲೆಕ್ಕ ಏರಿದರೆ ಮೊದಲು ಮನೆಗೆ ಹೋಗುವವಳು ಅವಳೇ. ನಾನೂ ಹೂಂಗುಟ್ಟಿದ್ದೆ.

ಅವನು ಬಂದು ನನ್ನ ಪಕ್ಕದಲ್ಲೇ ನಿಂತ. ನಾನು ಮನಸ್ಸಿನಲ್ಲಿ ನಿಧಾನ, ನಿಧಾನ ಅಂದುಕೊಳ್ಳುತ್ತಲೇ ಇದ್ದೆ. ಕೈ ಮಾತ್ರ ತನ್ನ ಪಾಡಿಗೆ ತಾನು ಓಡುತ್ತಿತ್ತು. "ಭೇಷ್, ಇದೇ ಲೆಕ್ಕ ಬರ್ಕೋತೀನಿ" ಅಂದ. ತಲೆ ಎತ್ತಿದರೆ ಇಡೀ ಸಾಲು ನನ್ನನ್ನು ನುಂಗುವ ಹಾಗೆ ನೋಡುತ್ತಿತ್ತು.

ಅಂದಿನಿಂದ ಯಾರೂ ನನ್ನನ್ನು ಮಾತಾಡಿಸಲಿಲ್ಲ. ನಾನು ಊಟಕ್ಕೆ ಕೂತರೆ ಬೆಂಚು ಖಾಲಿ. ದೊಡ್ಡಕ್ಕ ಮಾತ್ರ ಒಂದು ದಿನ ಕೈ ತೊಳೆಯುವ ಜಾಗದಲ್ಲಿ ಹಿಡಿದು ನಿಲ್ಲಿಸಿದಳು.

"ಬೇಕಂತ ಮಾಡಿದ್ಯೇನೇ?"

"ಇಲ್ಲಕ್ಕಾ, ನಿನ್ನಾಣೆಗೂ ಇಲ್ಲ. ನಿಲ್ಲಿಸೋಕೆ ಆಗ್ಲಿಲ್ಲ."

"ನಿನ್ನ ಕೈ, ನಿನಗೇ ನಿಲ್ಲಿಸೋಕೆ ಆಗ್ಲಿಲ್ವಾ?" ಅಂದು ನಕ್ಕಳು. ಆ ನಗು ನೋಡಿ ನನಗೆ ಅಳು ಬಂತು. ನಿನ್ನ ಕಾಗದ ನೆನಪಾದದ್ದು ಆಗಲೇ.

ಹೊಸ ಲೆಕ್ಕ ಮುಟ್ಟುವ ಗಡಿಬಿಡಿಯಲ್ಲಿ ಗವಸುಗಳು ಹರಿಯತೊಡಗಿದವು. ಹಾಗಾಗಿ ಮೊನ್ನೆ ಶುಕ್ರವಾರ ಮತ್ತೊಮ್ಮೆ ಅಳೆಯುವುದೆಂದಾಯಿತು, ಅದೂ ನನ್ನನ್ನೇ. ಮನೆಯಲ್ಲಿ ಹಳೆಯ ಕಾಲುಚೀಲ ತಿರುವುತ್ತಾ ನಿಧಾನ ಕಲಿಯಲು ಕೂತೆ. ನಗಬೇಡ. ಮೂರನೆಯದಕ್ಕೆ ಬರುವಷ್ಟರಲ್ಲಿ ಕೈ ಮತ್ತೆ ಓಟ ಹಿಡಿಯುತ್ತಿತ್ತು. ದೊಡ್ಡಕ್ಕನ ಅನ್ನ ನನ್ನ ಕೈಯಲ್ಲೇ ಹೋಗುತ್ತದಲ್ಲ ಎಂದು ಮತ್ತೆ ಮೊದಲ ಚೀಲದಿಂದ ಶುರುಮಾಡುತ್ತಿದ್ದೆ.

ಶುಕ್ರವಾರ ಅವನು ಬಂದು ಗಡಿಯಾರ ಒತ್ತಿದ. ನಿಧಾನ ಮಾಡುವುದು ನನ್ನಿಂದಾಗದು, ಬಿಟ್ಟುಬಿಡುವುದಾದರೆ ಆದೀತು ಅನ್ನಿಸಿತು. ಕೋಲು ಕೆಳಗಿಟ್ಟು ಎರಡೂ ಕೈ ಮಡಿಲಲ್ಲಿಟ್ಟುಕೊಂಡೆ.

"ಏನಾಯ್ತಮ್ಮ?"

"ಏನಿಲ್ಲ ಸಾರ್, ಕೂತಿದೀನಿ."

"ಗಡಿಯಾರ ಓಡ್ತಿದೆ."

"ಓಡ್ಲಿ ಬಿಡಿ."

ಎದುರಿಗೆ ದೊಡ್ಡಕ್ಕ ಕೋಲು ಕೆಳಗಿಟ್ಟಳು. ಆಮೇಲೆ ಅವಳ ಪಕ್ಕದವಳು. ಹೊಲಿಗೆಯವರೂ ಮಷಿನ್ನಿನಿಂದ ಕಾಲು ತೆಗೆದರು. ಆ ಕೋಣೆಯಲ್ಲಿ ಫ್ಯಾನು ಇಷ್ಟು ಸದ್ದು ಮಾಡುತ್ತದೆಂದು ನನಗೆ ಅಂದೇ ಗೊತ್ತಾದದ್ದು. ಯಾರೋ "ಈಗೇನ್ ಮಾಡೋದೇ?" ಅಂತ ಪಿಸುಗುಟ್ಟಿದರು. ನಗುವೂ ಬಂತು, ಹೆದರಿಕೆಯೂ ಆಯಿತು. ಎಷ್ಟು ಚಿಕ್ಕದಾದರೂ ಅದು ನಮ್ಮದೇ ಹೊತ್ತು. ಅದೇ ಕಾಗದದಲ್ಲಿ ನೀನು ಬಿಡುಗಡೆ ಅಂತ ಬರೆದದ್ದು ಇದನ್ನೇನಾ? ಹೌದಾದರೆ, ಆಮೇಲೇನು ಮಾಡುವುದೆಂದು ಯಾರಿಗೂ ತೋಚುವುದಿಲ್ಲ ಅಂತಲೂ ಪ್ರಬಂಧದಲ್ಲಿ ಸೇರಿಸಿಕೋ.

ಅಳತೆ ಆಗಲಿಲ್ಲ. ನಾಳೆ ಬೆಳಿಗ್ಗೆ ಮ್ಯಾನೇಜರು ನನ್ನೊಬ್ಬಳನ್ನೇ ಕರೆದಿದ್ದಾರೆ. "ಒಬ್ಳೇ ಹೋಗ್ಬೇಡ, ನಾವೂ ಬರ್ತೀವಿ" ಅಂದಿದ್ದಾಳೆ ದೊಡ್ಡಕ್ಕ. ಬರುತ್ತಾರೋ ಇಲ್ಲವೋ, ಬಾಗಿಲ ಹತ್ತಿರ ಹೋದ ಮೇಲೆ ತಿಳಿಯುತ್ತದೆ. ಕೆಲಸ ಹೋದರೂ ಹೋಗಬಹುದು. ನೀನು ಓದು ಬಿಡುವ ಮಾತು ಮಾತ್ರ ಎತ್ತಬೇಡ.

ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು. ನಿನ್ನ ಬಾಳು ತಂಪಾಗಿರಲಿ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಹೋದ ಎರಡು ರಜೆಗೂ ಓದು ಇದೆ ಅಂತ ನೀನು ಮನೆಗೆ ಬರಲಿಲ್ಲ. ಚಿಕ್ಕಮ್ಮನ ಹತ್ತಿರ ಮಾತ್ರ, "ಅಮ್ಮನ ಜೊತೆ ಕೂತ್ರೆ ಬಸ್‌ಸ್ಟ್ಯಾಂಡಲ್ಲಿ ಕೂತ ಹಾಗಾಗುತ್ತೆ, ಯಾವಾಗ ಎದ್ದು ಓಡ್ತಾಳೋ ಅಂತ" ಅಂದೆಯಂತೆ. ಅವಳು ತಡೆಯಲಾರದೆ ಹೇಳಿಬಿಟ್ಟಳು. ಶುಕ್ರವಾರ ಕೈ ಬಿಟ್ಟು ಕೂತಾಗ ಕಿವಿಯಲ್ಲಿ ಇದ್ದದ್ದು ಅದೊಂದೇ ಮಾತು. ನಿನಗೆ ಜಡೆ ಹಾಕುವಾಗಲೂ ನನ್ನ ಕೈ ಹೀಗೇ ಓಡುತ್ತಿತ್ತಾ? "ನೋವಾಗುತ್ತಮ್ಮ" ಅಂತ ನೀನು ಅನ್ನುತ್ತಿದ್ದದ್ದು ಈಗ ಕೇಳಿಸುತ್ತಿದೆ. ಈ ರಜೆಗೆ ಬಾ. ಸುಮ್ಮನೆ ಪಕ್ಕದಲ್ಲಿ ಕೂರು, ಸಾಕು. ಕೈ ಮಡಿಲಲ್ಲೇ ಇಟ್ಟುಕೊಂಡಿರುತ್ತೇನೆ.