ಹದ ಮಾಡಿದ ನೀರು

ಜೂನ್ 9
ಬೆಳಿಗ್ಗೆ ಗಂಜಿ. ಆಮೇಲೆ ಕಬ್ಬಿಣದ ಮಾತ್ರೆ. ನಿನ್ನೆ ಏಳನೇ ತಿಂಗಳ ಬಯಕೆ ಶಾಸ್ತ್ರಕ್ಕೆ ತೊಡಿಸಿದ ಬಳೆಗಳು ಇನ್ನೂ ಕೈಯಲ್ಲಿವೆ, ಪುಟ ತಿರುಗಿಸುವಾಗ ಸದ್ದು.
ಬಯಕೆಗೆ ಜನ ಹೆಚ್ಚಾದರು. ಜ್ಯೂಸ್ ಮುಟ್ಟಲಿಲ್ಲ — ಐಸ್ ಯಾವ ನೀರಿನದೋ. ಅತ್ತೆ ಪದಿಮುಖ ಮರದ ಚಕ್ಕೆ ಹಾಕಿ ಕುದಿಸಿದ ಗುಲಾಬಿ ಬಣ್ಣದ ನೀರನ್ನು ತಾವೇ ತಂದುಕೊಟ್ಟರು. ಬಾಯಾರಿತ್ತು. ಒಂದೇ ಉಸಿರಿಗೆ ಕುಡಿದೆ.
ಜಪಾನಿ ಕಾದಂಬರಿ ಅರ್ಧದಲ್ಲಿದೆ. ಅನುವಾದಕರು ಎಲ್ಲ ಬಗೆಯ ಮಳೆಗೂ ‘ಮಳೆ’ ಎಂದೇ ಬರೆದಿದ್ದಾರೆ. ಮೂಲದಲ್ಲಿ ಒಂದೇ ಪದ ಇರಲಾರದು.

ಜುಲೈ 6
ಮೈದುನ ಸುಜನ್‌ಗೆ ಜ್ವರ, ವಾಂತಿ ಅಂದುಕೊಂಡಿದ್ದೆವು. ಇವತ್ತು ಕಣ್ಣು ಹಳದಿ. ಅತ್ತೆ ನೋಡಿದ ಕೂಡಲೇ ಕಾಮಾಲೆ ಎಂದರು. ಹೆದರಿದಂತೆ ಕಾಣಲಿಲ್ಲ. ನನ್ನ ಗಂಡ ಕುಶಲ್‌ಗೂ ಶಾಲೆಗೆ ಹೋಗುವಾಗ ಬಂದಿತ್ತಂತೆ, ನೆಕ್ರಾಜೆಯಿಂದ ತಂದ ನೆಲನೆಲ್ಲಿ ಮದ್ದಿನಲ್ಲಿ ಹೋಯಿತಂತೆ. ಉಪ್ಪು, ಎಣ್ಣೆ ಬಂದ್.
ಸುಜನ್ ಮಾತ್ರ ತಮಾಷೆ ಬಿಡುವುದಿಲ್ಲ. “ಬಯಕೆಗೆ ನೀವು ಹಸಿರು ಸೀರೆ ಉಟ್ರಿ ಅತ್ತಿಗೆ, ಈಗ ನಾನು ಹಳದಿ. ಒಂದು ಫೋಟೊ ತೆಗೆಯುವ.”
ನಕ್ಕೆ.

ಜುಲೈ 8
ಅತ್ತೆಯ ತಂಗಿಯ ಮಗಳು ಅನ್ವಿತಾಳಿಗೂ ಕಾಮಾಲೆ. ಬಯಕೆಯ ದಿನ ಬಡಿಸಲು ಬಂದಿದ್ದ ವಾಸಪ್ಪಣ್ಣನಿಗೂ. ಮೂವರೂ ಉಂಡದ್ದು ನಮ್ಮ ಮನೆಯಲ್ಲಿ.
ಸುಜನ್‌ನನ್ನು ಕಾಸರಗೋಡಿಗೆ ಕರೆದುಕೊಂಡು ಹೋಗಿ ಪರೀಕ್ಷೆಗೆ ರಕ್ತ ಕೊಡಿಸಿದೆವು. ಅಲ್ಲೇ ನನ್ನ ಡಾಕ್ಟರನ್ನೂ ಕಂಡೆ. “ಕಾಮಾಲೆ ಅಂದ್ರೆ ಬರೀ ಬಣ್ಣ. ಯಾವ ವೈರಸ್ ಅಂತ ರಕ್ತ ಹೇಳ್ಬೇಕು” ಎಂದರು. ಎ ಮತ್ತು ಇ ಕೊಳಕು ನೀರಿನಿಂದ. ಬಿ, ಸಿ ರಕ್ತದಿಂದ. ಬಿ ತಾಯಿಯಿಂದ ಮಗುವಿಗೂ. ಡಿ ಬರುವುದು ಬಿ ಇದ್ದವರಿಗೆ ಮಾತ್ರ. ನನಗೆ ಬಿ ಇಲ್ಲವೆಂದು ಮೊದಲ ತಿಂಗಳುಗಳಲ್ಲೇ ನೋಡಿದ್ದಾರೆ.
ಒಂದು ಪದದೊಳಗೆ ಇಷ್ಟು ರೋಗಗಳು. ನಾವು ಒಂದೇ ಹೆಸರು ಇಟ್ಟುಕೊಂಡಿದ್ದೇವೆ.
ಎ ಆದರೆ ಅಷ್ಟು ಭಯ ಬೇಡವಂತೆ. ಇ ಆದರೆ... ಎಷ್ಟನೇ ತಿಂಗಳು ಎಂದು ಮತ್ತೆ ಕೇಳಿದರು. ಫೈಲ್ ಎದುರಿಗೇ ಇತ್ತು.

ಜುಲೈ 10
ರಿಪೋರ್ಟ್ ಕುಶಲ್‌ನ ಫೋನಿಗೆ ಬಂದಿದೆ. ನನಗೆ ಕಳಿಸಲಿಲ್ಲ. ಕೇಳಿದೆ. ಒಂದೇ ಅಕ್ಷರ ಹೇಳಿದರು. ಇ.
ಸುಜನ್‌ಗೆ ಕೆಲವು ವಾರಗಳ ವಿಶ್ರಾಂತಿ, ಅಷ್ಟೇ. ದಿನ ತುಂಬುತ್ತಿರುವ ಬಸುರಿಗೆ ಬಂದರೆ ಲಿವರ್ ಕೈಕೊಡಬಹುದು. ತಾಯಿಯೂ ಮಗುವೂ... ಅದೇ ವೈರಸ್.
ಬರೆಯಲು ಆಗುತ್ತಿಲ್ಲ.

ಜುಲೈ 11
ಆರೋಗ್ಯ ಇಲಾಖೆಯವರು ಬಂದು ಬಾವಿ ನೋಡಿದರು. ಮಳೆಗೆ ಕಕ್ಕಸು ಗುಂಡಿಯ ನೀರು ಇಳಿದಿರಬಹುದಂತೆ. ಬ್ಲೀಚಿಂಗ್ ಪೌಡರ್ ಹಾಕಿದರು. ಅತ್ತೆ ಒಪ್ಪಲಿಲ್ಲ. ನಮ್ಮಲ್ಲಿ ಕುದಿಸದ ನೀರು ಯಾರಿಗೂ ಕೊಡುವ ಕ್ರಮವೇ ಇಲ್ಲ, ಅವತ್ತೂ ಚಕ್ಕೆ ಬಣ್ಣ ಬಿಡುವವರೆಗೆ ಕುದಿಸಿದ್ದು ಎಂದು ವಾದಿಸಿದರು. ನಾನೂ ಹೌದೆಂದೆ. ಆ ಬಣ್ಣ ನೋಡಿಯೇ ಕುಡಿದವಳು.
ಆಮೇಲೆ ಅತ್ತೆಯೇ ಹೇಳಿದರು. “ಮತ್ತೆ ಅಷ್ಟು ಬಿಸಿ ಹೇಗೆ ಕೊಡುವುದು? ನೆಂಟರ ನಾಲಿಗೆ ಸುಡ್ತದಲ್ಲ. ಎರಡು ಕೊಡಪಾನ ತಣ್ಣೀರು ಹಾಕಿ ಹದ ಮಾಡಿದೆ.”
ಅತ್ತೆ ನನ್ನ ಹೊಟ್ಟೆ ನೋಡಿದರು. ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು.

ಸಂಜೆ
ನನ್ನ ಲೋಟ ಹದ ಮಾಡುವ ಮೊದಲಿನದೋ, ಆಮೇಲಿನದೋ. ಅತ್ತೆಗೆ ನೆನಪಿಲ್ಲ.
ನನಗಿದೆ. ನಾಲಿಗೆ ಸುಡಲಿಲ್ಲ.

ಜುಲೈ 16
ನನ್ನ ರಕ್ತದಲ್ಲಿ ಸದ್ಯಕ್ಕೆ ಏನೂ ಇಲ್ಲ. ‘ಸದ್ಯಕ್ಕೆ’ — ಡಾಕ್ಟರ್ ಬಳಸಿದ ಪದ. ಕಾಣಿಸಿಕೊಳ್ಳಲು ಇನ್ನೂ ವಾರಗಳು ಹಿಡಿಯಬಹುದು. ಹಸಿವು ಹೋದರೆ, ಮೂತ್ರ ಕಡು ಬಣ್ಣವಾದರೆ ಕೂಡಲೇ ಬರಬೇಕು. ಕಣ್ಣು ನೋಡುವುದಾದರೆ ಹಗಲ ಬೆಳಕಿನಲ್ಲಿ. ಟ್ಯೂಬ್‌ಲೈಟ್ ನಂಬಬಾರದು.
ಅತ್ತೆ ಈಗ ನೀರನ್ನು ಕೈಗೆ ಕೊಡುವುದಿಲ್ಲ. ಫ್ಲಾಸ್ಕ್ ಬಾಗಿಲ ಬಳಿ ಇಟ್ಟು ಹೋಗುತ್ತಾರೆ. ಇವತ್ತು ಕರೆದು ಕೇಳಿದೆ — ಅತ್ತೆ, ನೀರು ಕೊಡಿ. ಎದುರಿಗೇ ಕುಳಿತು ಒಂದು ಲೋಟದಿಂದ ಇನ್ನೊಂದಕ್ಕೆ ಹೊಯ್ದು ಹೊಯ್ದು ಆರಿಸಿದರು. ತುಂಬ ಹೊತ್ತು. “ಕುಡಿ ಮಗಾ, ಇದಕ್ಕೆ ಎಂತದೂ ಹಾಕಲಿಲ್ಲ.”

ಜುಲೈ 21, ಬೆಳಿಗ್ಗೆ
ಗಂಜಿ ಸೇರಲಿಲ್ಲ. ಅನ್ನದ ವಾಸನೆಗೇ ಹೊಟ್ಟೆ ತೊಳಸಿತು. ಈ ತಿಂಗಳಲ್ಲಿ ಹಾಗಾಗುವುದುಂಟು ಎನ್ನುತ್ತಾರೆ. ಮಗು ಒದೆಯುತ್ತಿದೆ. ಒಳ್ಳೆಯದು.
ಬಚ್ಚಲಲ್ಲಿ ಮೂತ್ರದ ಬಣ್ಣ ಸರಿಯಾಗಿ ನೋಡಲಿಲ್ಲ. ನೋಡಬೇಕಿತ್ತು. ಬೆಳಕು ಕಡಿಮೆ ಇತ್ತು ಎಂದು ನನಗೆ ನಾನೇ ಹೇಳಿಕೊಂಡೆ.
ಕುಶಲ್ ಬಂದ್ಯೋಡಿನ ಅಂಗಡಿಗೆ ಹೊರಟಿದ್ದರು. ಕಣ್ಣು ನೋಡಿ ಎಂದೆ. ಕೆಳರೆಪ್ಪೆ ಎಳೆದು ನೋಡಿದರು. ಟ್ಯೂಬ್‌ಲೈಟ್ ಆರಿಸಿ ಮತ್ತೆ ನೋಡಿದರು. ಬೈಕಿನ ಕೀ ಮೇಜಿನ ಮೇಲಿಟ್ಟು ಹೊರಗೆ ಹೋದರು.
ಈಗ ಅಂಗಳದಿಂದ ಕರೆಯುತ್ತಿದ್ದಾರೆ. “ಪೂಜಾ, ಒಮ್ಮೆ ಇಲ್ಲಿ ಬಾ. ಬೆಳಕಿಗೆ.”
ಬಂದೆ ಎಂದೆ. ಈ ಸಾಲು ಮುಗಿಸಿ —