ಮೂವತ್ತೊಂಬತ್ತನೆಯ ರೆಕಾರ್ಡಿಂಗ್

ಅಪ್ಪಾ,

ಸಂಗೀತದ ಪಿಎಚ್‌ಡಿಗೆ ನನಗೆ ಸೀಟು ಸಿಕ್ಕಿತು. ಐದು ವರ್ಷದ ಖರ್ಚೆಲ್ಲ ವಿಶ್ವವಿದ್ಯಾಲಯದ್ದೇ. "ಊದೋದನ್ನ ಓದಿ ಡಾಕ್ಟರ್ ಆಗ್ತಾರಾ?" ಎಂದು ಚಿಕ್ಕಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು.

ನಾನು ಆರಿಸಿಕೊಂಡ ವಿಷಯ ಮದುವೆ, ಮೆರವಣಿಗೆಗಳಲ್ಲಿ ನುಡಿಸುವ ಬ್ಯಾಂಡಿನವರ ಸಂಗೀತ. ನೀನು ತೀರಿಕೊಂಡ ಮೇಲೆ ಮೂವತ್ತೆಂಟು ವಾದಕರ ಮನೆ ಸುತ್ತಿ, ಅವರು ನುಡಿಸಿದ್ದನ್ನು ರೆಕಾರ್ಡ್ ಮಾಡಿ ಅರ್ಜಿಯ ಜೊತೆ ಕಳಿಸಿದ್ದೆ.

ಸಂದರ್ಶನದಲ್ಲಿ ಹಿರಿಯ ಪ್ರೊಫೆಸರ್ ಒಬ್ಬರು ಅರ್ಜಿಯಿಂದ ತಲೆಯೆತ್ತಿ, "ನಿಮ್ಮ ತಂದೆಯವರೂ ಬ್ಯಾಂಡಲ್ಲಿದ್ರಾ?" ಎಂದರು.

"ಹೌದು ಮೇಡಂ. ಮೂವತ್ತು ವರ್ಷ ಕ್ಲಾರಿನೆಟ್ ನುಡಿಸಿದ್ರು."

"ಮತ್ತೆ ಅವರ ರೆಕಾರ್ಡಿಂಗೇ ಇದರಲ್ಲಿ ಕಾಣ್ತಿಲ್ವಲ್ಲ?"

ನನ್ನ ಕಾಲೇಜಿನ ಮುಂದೆ ನಿಮ್ಮ ಬ್ಯಾಂಡ್ ಹಾದುಹೋದ ದಿನ ನಾನು ಗೆಳತಿಯರ ಬೆನ್ನ ಹಿಂದೆ ಸರಿದು ನಿಂತಿದ್ದೆ. ಅದು ನಿನ್ನ ಕಣ್ಣಿಗೆ ಬಿದ್ದಿತ್ತು. ಮನೆಗೆ ಬಂದು ನೀನು ಎಂದಿನಂತೆ ಊಟಕ್ಕೆ ಕರೆದೆ. ಅಂದಿನಿಂದ ನೀನು ಮನೆಯಲ್ಲಿ ಊದುವುದನ್ನು ಬಿಟ್ಟು, ಅಭ್ಯಾಸವನ್ನೆಲ್ಲ ಬ್ಯಾಂಡಿನ ಶೆಡ್ಡಿನಲ್ಲೇ ಮುಗಿಸಿಕೊಂಡು ಬರುತ್ತಿದ್ದೆ.

ಇದನ್ನೆಲ್ಲ ಪ್ರೊಫೆಸರಿಗೆ ಹೇಳಲಿಲ್ಲ. "ಇಲ್ಲ ಮೇಡಂ, ನಾನು ಕೇಳಲೇ ಇಲ್ಲ," ಎಂದೆ.

ನುಡಿಸಿ ಎಂದು ಕೇಳಲಿಲ್ಲವೆಂದು ಅವರು ಅರ್ಥ ಮಾಡಿಕೊಂಡರು. ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು.