ಅವರ್ಸಾದಲ್ಲಿ ಹತ್ತುತ್ತಿದ್ದವಳು

ನವೆಂಬರ್ 11, ಮಂಗಳವಾರ

ಬಸ್ಸು ಇವತ್ತೂ ಲೇಟು. ಅಂಕೋಲಾ ಸ್ಟ್ಯಾಂಡಿನಲ್ಲೇ ಅರ್ಧ ತುಂಬಿತ್ತು. ಕಿಟಕಿ ಸೀಟು ಹಿಡಿದು ಪಕ್ಕದಲ್ಲಿ ಬ್ಯಾಗ್ ಇಟ್ಟೆ. ಅವರ್ಸಾದಲ್ಲಿ ನತಾಲಿನ್ ಹತ್ತಿದಳು. ಎಷ್ಟೋ ವರ್ಷದಿಂದ ಹೀಗೇ. ಕಾರವಾರದಲ್ಲಿ ಇಳಿದು ನಾನು ಆಫೀಸಿಗೆ, ಅವಳು ಲ್ಯಾಬಿಗೆ. ರಕ್ತ ತೆಗೆಯೂ ಕೆಲಸ ಅವಳದ್ದು.

ದಿನಾ ಹತ್ತಿದ ಕೂಡಲೇ ಶುರು ಮಾಡ್ತಾಳೆ. ಇವತ್ತು ಮಾತೇ ಇಲ್ಲ. ಹಾರವಾಡ ದಾಟಿತು. ಅಮದಳ್ಳಿ ಬಂತು.

"ಜಯಂತಿ, ಒಂದು ಮಾತು ಹೇಳ್ತೆ. ನಗೂ ಹಾಂಗಿಲ್ಲ."

"ಹೇಳೇ ಮಾರಾಯ್ತಿ."

"ನಾ ಮದುವೆ ಆಗ್ತೆ."

ನಕ್ಕೇಬಿಟ್ಟೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಆಮೇಲೆ ಅವಳ ಮುಖ ನೋಡಿದೆ... ಕರ್ಚೀಫಿನ ತುದಿ ತಿರುವ್ತಾ ಕೂತಿದ್ದಾಳೆ, ನಲವತ್ತಾರು ವರ್ಷದ ಹೆಂಗಸು. ನಗು ಅಲ್ಲೇ ನಿಂತಿತು.

ಹುಡುಗ — ಹುಡುಗ ಎಂತ, ಐವತ್ತು ದಾಟಿದೆ — ಕೈತಾನ್ ಅಂತ. ಮೂಲ ಕಾರವಾರದವನೇ. ಹೆಂಡತಿ ತೀರಿಕೊಂಡು ಕೆಲವು ವರ್ಷ ಆಯ್ತಂತೆ. ಫ್ರಿಜ್ ರಿಪೇರಿ ಅಂಗಡಿ.

"ಅಂಗಡಿ ಎಲ್ಲಿ?"

"ವಸಾಯಿ. ಮುಂಬೈ ಹತ್ರ."

ತೊಡೆ ಮೇಲಿದ್ದ ಬ್ಯಾಗಿನ ಜಿಪ್ಪು ಎಳೆದೆ, ಮತ್ತೆ ಹಾಕಿದೆ.

ನವೆಂಬರ್ 12

ಮದುವೆ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಂಗಡೆ ರೇಟು ಮಾತಾಡಿದೆವು.

ನವೆಂಬರ್ 19

ಎರಡು ದಿನದಿಂದ ನಮ್ಮ ಬಸ್ಸು ಬಿಟ್ಟು, ಅದಕ್ಕೂ ಮೊದಲಿನ ಬಸ್ಸಿಗೆ ಹೋಗ್ತಾ ಇದ್ದೆ. ಅವಳ ಫೋನ್ ಬಂತು, ಎತ್ತಲಿಲ್ಲ. ಆಫೀಸಿನಲ್ಲಿ ಬೀಗ ತೆಗೆಯೂ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ. ಇದೆಂಥ ಹುಚ್ಚು ನನ್ನದು.

ಇವತ್ತು ಅವಳೂ ಮೊದಲಿನ ಬಸ್ಸಿಗೇ ಹತ್ತಿದಳು! ಸೀದಾ ಬಂದು, ನನ್ನ ಬ್ಯಾಗ್ ಎತ್ತಿ ನನ್ನ ತೊಡೆ ಮೇಲೆ ಇಟ್ಟು ಕೂತಳು.

"ಸಿಟ್ಟಾ?"

"ನಂಗೆಂತ ಸಿಟ್ಟು."

"ಹೋಗ್ಬೇಡ ಅಂತ ಒಂದು ಸಲ ಹೇಳು ನೋಡ್ವ. ಹೋಗೂದಿಲ್ಲ."

ಇನ್ನೇನು ಹೇಳಿಬಿಡ್ತಿದ್ದೆ. ಹೇಳಿದ್ದರೆ ನಿಜವಾಗಿಯೂ ನಿಲ್ತಿದ್ದಳು. ಅದೇ ಹೆದರಿಕೆ.

"ಅಮ್ಮ ಇರೂ ತನಕ ಗೊತ್ತೇ ಆಗಲಿಲ್ಲ ಜಯಂತಿ," ಅಂದಳು. "ಈಗ ಸಂಜೆ ಹೋಗಿ ಬೀಗ ತೆಗೀಬೇಕು ನೋಡು... ಅದೊಂದು ನಂಗೆ ಆಗೂದಿಲ್ಲ."

ಅವಳ ಅಮ್ಮ ಹೋದದ್ದು ಮಳೆಗಾಲಕ್ಕೆ ಮುಂಚೆ. ಬೀಗದ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮನೆಯವರು, ಇವರು, ತೀರಿಹೋದ ಮೇಲೆ ನಾನೂ ದಿನಾ ಸಂಜೆ ತೆಗೀತಾ ಇದ್ದೇನೆ.

"ಹೋಗು," ಅಂದೆ. "ಚೊಲೋ ಆಗ್ತದೆ. ಹೋಗು."

ಕಿಟಕಿ ಕಡೆ ತಿರುಗಿ ಹೇಳಿದ್ದು. ಮುಖ ನೋಡಿ ಹೇಳ್ಬೇಕಿತ್ತು.

ನವೆಂಬರ್ 30, ಭಾನುವಾರ. ಮಂಜಗುಣಿ

ಪ್ರಗತಿಯ ಮದುವೆ ನಾಳೆ. ಅಣ್ಣ ವಿನೋದನ ಮಗಳು. ನಾನೇ ಎತ್ತಿ ಆಡಿಸಿದ ಕೂಸು. ಇವತ್ತು ಅರಿಶಿಣ.

ಹೊಸ ಸೀರೆ ಉಟ್ಟು ಅಂಗಳಕ್ಕೆ ಬಂದೆ. ಅತ್ತಿಗೆ ಗಾಯತ್ರಿ ಮೆಲ್ಲಗೆ ಪಕ್ಕಕ್ಕೆ ಕರೆದಳು. ಕೆಟ್ಟವಳಲ್ಲ ಅವಳು. ನನ್ನ ಕೈ ಹಿಡಿದೇ ಹೇಳಿದಳು.

"ಜಯಂತಿ, ಅರಿಶಿಣ ಹಚ್ಚೂ ಹೊತ್ತಿಗೆ ನೀ ಒಳಗೆ ಅಡಿಗೆ ಬದಿ ಸ್ವಲ್ಪ ನೋಡ್ಕಂತ್ಯಾ? ಗಂಡಿನ ಕಡೆಯವ್ರು ಬಂದಾರೆ... ಗೊತ್ತದೆ ಅಲ್ದಾ ನಿಂಗೆ."

"ಅಡ್ಡಿಲ್ಲ," ಅಂದೆ.

ಕಾಯಿ ತುರಿದೆ. ಹೊರಗೆ ಹಾಡು ಹೇಳ್ತಿದ್ದರು. ಎಲ್ಲ ಗೊತ್ತಿದ್ದ ಹಾಡೇ. ಬಾಯೊಳಗೇ ಹೇಳಿಕೊಂಡೆ.

ಪ್ರಗತಿ ಆಮೇಲೆ ಒಳಗೆ ಬಂದು ನೀರು ಕುಡಿದು ಹೋದಳು. ಮುಖವೆಲ್ಲ ಹಳದಿ. ಚಂದ ಕಾಣ್ತಿದ್ದಳು.

ಡಿಸೆಂಬರ್ 2

ನತಾಲಿನ್ ಕೇಳಿದಳು, ಮದುವೆ ಹೇಗಾಯ್ತು ಅಂತ. ಊಟದ ಸುದ್ದಿ ಹೇಳಿದೆ. "ಅರಿಶಿಣ?" ಅಂದಳು. ಹೇಳಬಾರದು ಅಂತಿದ್ದೆ, ಹೇಳಿದೆ. ಅವಳು ನನ್ನ ಕೈ ತೆಗೆದು ಅವಳ ಕೈಯಲ್ಲಿ ಇಟ್ಟುಕೊಂಡಳು, ಕಾರವಾರ ಬರುವ ತನಕ. ಇವರು ಹೋಗಿ, ನಾನು ಮತ್ತೆ ಬಸ್ಸಿಗೆ ಬಂದ ಮೊದಲ ದಿನವೂ ಹೀಗೇ ಮಾಡಿದ್ದಳು.

ಡಿಸೆಂಬರ್ 27

ಸಂಜೆ ಮನೆಗೇ ಬಂದಳು, ಕ್ರಿಸ್‌ಮಸ್ಸಿನ ಸಿಹಿತಿಂಡಿ, ನೆವ್ರಿ, ದೋದೋಲ್ ಎಲ್ಲ ಕಟ್ಟಿಕೊಂಡು. ಚಾ ಮಾಡಿದೆ. ಕುಡಿಯದೆ ಕೂತಿದ್ದಾಳೆ.

"ಜನವರಿ ಒಂಬತ್ತಕ್ಕೆ ರೋಸ್. ನೀ ಬರ್ಬೇಕು."

ಅವರಲ್ಲಿ ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ತಾರೆ. ನಮ್ಮ ಅರಿಶಿಣದ ಹಾಗೆ.

"ಬರ್ತೆ. ಅದೇನು ಕೇಳೂದು."

"ಬರೂದಲ್ಲ. ಮೊದ್ಲು ನೀ ಹಚ್ಬೇಕು."

ಎದ್ದೇಬಿಟ್ಟೆ. "ಹುಚ್ಚಾ ನಿಂಗೆ? ನಾ ಹಚ್ಚೂ ಹಾಂಗಿಲ್ಲ. ಹೊಸ ಸಂಸಾರಕ್ಕೆ ಹೋಗೋಳು ನೀ... ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಅಮ್ಮ ಇದ್ದಿದ್ರೆ ಅಮ್ಮನೇ ಹಚ್ತಿತ್ತು. ಅಮ್ಮನಿಗೆ ಗಂಡ ಇದ್ನಾ? ನಾ ಆರನೇ ಕ್ಲಾಸಲ್ಲಿ ಇರೂವಾಗ್ಲೇ ಅಪ್ಪ ಹೋದ. ಅಮ್ಮ ಹಚ್ಚಿದ್ರೆ ಕೆಟ್ಟದಾಗ್ತಿತ್ತಾ ನಂಗೆ?"

ಚಾ ಆರಿ ಹೋಯ್ತು. ಬಿಸಿ ಮಾಡಿ ಕೊಟ್ಟೆ. ಹೂಂ ಅನ್ನಲಿಲ್ಲ ನಾನು. ಅವಳೂ ಮತ್ತೆ ಕೇಳಲಿಲ್ಲ.

ಜನವರಿ 8

ಹೋಗೂದೋ ಬೇಡವೋ. ಜ್ವರ ಅಂತ ಹೇಳಿದರೆ... ಇಲ್ಲ. ಅವಳಿಗೆ ಗೊತ್ತಾಗ್ತದೆ.

ಜನವರಿ 9, ಶುಕ್ರವಾರ

ರಜೆ ಹಾಕಿದೆ. ಹೋದೆ.

ಅವರ್ಸಾದ ಅವರ ಅಂಗಳದಲ್ಲಿ ಚಪ್ಪರ. ಹೆಂಗಸರು ಕೊಂಕಣಿಯಲ್ಲಿ ಹಾಡ್ತಿದ್ದರು. ಹಳೇ ನೈಟಿಯಂಥದ್ದೇನೋ ಹಾಕಿಕೊಂಡು ಅವಳು ಮಣೆ ಮೇಲೆ ಕೂತಿದ್ದಳು. ನಾನು ಹಿಂದೆ, ಕಂಬದ ಹತ್ತಿರ ನಿಂತೆ. ಅಲ್ಲೇ ಇದ್ದು ಬಂದರಾಯ್ತು ಅಂತ.

"ಜಯಂತೀ ಗೋ!" — ಎಲ್ಲರ ಎದುರೇ ಕೂಗಿದಳು.

ಹೋದೆ. ಹಾಲಿನ ಬಟ್ಟಲು ಹಿಡಿದು ನಿಂತಿದ್ದವರು ಅವಳ ಮೌಶಿ, ಅಮ್ಮನ ತಂಗಿ. ನನ್ನ ಹಣೆ ನೋಡಿದರು. ಬಟ್ಟಲು ಕೊಡಲಿಲ್ಲ. ಕೊಂಕಣಿಯಲ್ಲೇ ಮೆಲ್ಲಗೆ ಹೇಳಿದರು, ಮೊದಲು ಬೇರೆ ಯಾರಾದರೂ ಹಚ್ಚಲಿ, ಇವರು ಆಮೇಲೆ. ನನಗೆ ಅರ್ಥ ಆಗ್ತದೆ ಅಂತ ಅವರಿಗೆ ಗೊತ್ತಿರಲಿಲ್ಲವೋ ಏನೋ. ಹಾಗಾದರೆ ಅವರಲ್ಲೂ ಇದೆ ಇದು.

ತಿರುಗಿ ಹೊರಟಿದ್ದೆ. ನತಾಲಿನ್ ಮಣಿಕಟ್ಟು ಹಿಡಿದಳು. ಬಿಗಿಯಾಗಿ, ನೋಯುವ ಹಾಗೆ.

"ಮೌಶಿ, ಅಮ್ಮನ ಜಾಗಕ್ಕೆ ಇವಳನ್ನ ಕರ್ದದ್ದು ನಾನು. ಇವಳು ಹಚ್ಚದೆ ಇದ್ರೆ ನಾ ಮಣೆಯಿಂದ ಏಳ್ತೆ."

ಹಾಡು ನಿಂತಿತು. ಮೌಶಿ ಬಟ್ಟಲು ಕೆಳಗಿಟ್ಟರು, ಕೈಗೆ ಕೊಡಲಿಲ್ಲ. ನಾನೇ ಬಗ್ಗಿ ತೆಗೆದುಕೊಂಡೆ.

ಅವರು ಹಣೆಯ ಮೇಲೆ ಶಿಲುಬೆ ಬರೀತಾರಂತೆ. ನನಗೆ ಬರೂದಿಲ್ಲ ಅಂದೆ. "ನಿಂಗೆ ಬಂದ ಹಾಂಗೆ ಹಚ್ಚು," ಅಂದಳು. ನೆತ್ತಿಗೆ ತಟ್ಟಿದೆ, ಕೂಸಿಗೆ ಎಣ್ಣೆ ತಟ್ಟೂ ಹಾಗೆ. ಬೈತಲೆಯಲ್ಲಿ ಬಿಳಿ ಕೂದಲು, ಬಣ್ಣ ಹಾಕಿದ್ದರೂ ಬುಡದಲ್ಲಿ ಕಾಣ್ತಿತ್ತು. ಕೆನ್ನೆಗೆ ಹಚ್ಚಿದೆ. ಕೈಗೆ, ಪಾದಕ್ಕೆ. ಹಾಲು ಅವಳ ಕಣ್ಣಿಗೆ ಇಳಿಯಿತು, ಸೆರಗಿನಲ್ಲಿ ಒರೆಸಿದೆ. ಹಾಲು ಮಾತ್ರ ಅಲ್ಲ ಅದು.

"ದೇವ್ ಬರೆಂ ಕರುಂ," ಅಂದಳು, ದೇವರು ಒಳ್ಳೇದು ಮಾಡ್ಲಿ ಅಂತ. ನಾನು ಎಂತ ಅಂದೆನೋ ನೆನಪಿಲ್ಲ.

ಯಾರೋ ಮತ್ತೆ ಹಾಡು ಎತ್ತಿದರು. ಮೌಶಿ ಕೊನೆಯ ತನಕ ನನ್ನ ಹತ್ತಿರ ಮಾತಾಡಲಿಲ್ಲ. ಇರಲಿ.

ಜನವರಿ 10

ಇಗರ್ಜಿಯಲ್ಲಿ ಮದುವೆ ಆಯ್ತು. ಕೈತಾನ್ ಒಳ್ಳೆಯವನ ಹಾಗೆ ಕಾಣ್ತಾನೆ. ಸೂಟಿನ ಒಳಗೆ ಬೆವರ್ತಿದ್ದ, ಪಾಪ.

ಜನವರಿ 13, ಮಂಗಳವಾರ

ಕಾರವಾರ ಸ್ಟೇಷನ್ನು. ಆಫೀಸಿನಿಂದ ಬೇಗ ಬಿಟ್ಟು ಹೋದೆ. ಅವಳು ಪ್ಲಾಟ್‌ಫಾರ್ಮಿನಲ್ಲಿ ಸಾಮಾನಿನ ಮಧ್ಯ ನಿಂತಿದ್ದಳು. ಕೈಯಲ್ಲಿ ಹೊಸ ಬಳೆ.

ಹೇಳಬೇಕಾದ್ದೆಲ್ಲ ಬಸ್ಸಿನಲ್ಲೇ ಯೋಚಿಸಿಕೊಂಡು ಬಂದಿದ್ದೆ. ಆಡಿದ ಮಾತು — ನೀರು ತಗಂಡ್ಯಾ? ತಗಂಡೆ. ಶಾಲು? ಬ್ಯಾಗಿನಲ್ಲದೆ. ಊಟ? ಅವ್ರು ತಂದಾರೆ.

ಕೈತಾನ್ ಹೇಳಿದ, "ಜಯಂತಿಬಾಯಿ, ನೀವು ವಸಾಯಿಗೆ ಬರ್ಬೇಕು. ಇವಳು ದಿನಾ ನಿಮ್ದೇ ಸುದ್ದಿ ಹೇಳ್ತಾಳೆ."

ರೈಲು ಬಂತು. ನೂಕಾಟ. ಬಾಗಿಲಲ್ಲಿ ನಿಂತು ಕೂಗಿದಳು, "ಬಿಪಿ ಗುಳಿಗೆ ಬಿಡ್ಬೇಡ!" ಹೋಯ್ತು.

ಪ್ಲಾಟ್‌ಫಾರ್ಮಿನಲ್ಲಿ ಜನ ಖಾಲಿಯಾದರು. ಒಂದು ಬೆಂಚಿನಲ್ಲಿ ಕೂತೆ. ಅಂಕೋಲಾದ ಬಸ್ಸು ಎರಡು ತಪ್ಪಿದವು.

ಜನವರಿ 14

ಅವರ್ಸಾದಲ್ಲಿ ನಾಲ್ಕು ಜನ ಹತ್ತಿದರು. ಪಕ್ಕದಲ್ಲಿ ಇಟ್ಟ ಬ್ಯಾಗ್ ತೆಗೆಯೂದು ಮರೆತಿದ್ದೆ. ಕಂಡಕ್ಟರ್ ಗದರಿದ. "ಬಾಯಿ, ಬ್ಯಾಗಿಗೂ ಟಿಕೇಟ್ ತೆಗ್ದೀರ?" ಎಲ್ಲರೂ ನಕ್ಕರು. ನಾನೂ ನಕ್ಕೆ.

ಜನವರಿ 29

ಫೋನು ಮೊದಲು ದಿನಾ ಇತ್ತು. ಈಗ ಎರಡು ದಿನಕ್ಕೆ, ಮೂರು ದಿನಕ್ಕೆ. ತಪ್ಪಲ್ಲ. ಅಲ್ಲಿ ನೀರು ಬರೂದೇ ಸಂಜೆಯಂತೆ, ನಾನು ಫೋನ್ ಮಾಡುವ ಹೊತ್ತಿಗೇ. "ಮತ್ತೆ?" ಅಂತಾಳೆ. "ಮತ್ತೆ?" ಅಂತೇನೆ. ಬಸ್ಸಿನಲ್ಲಿ ಹೀಗೆ ಯಾವತ್ತೂ ಅಂದದ್ದಿಲ್ಲ.

ಫೆಬ್ರವರಿ 22, ಭಾನುವಾರ

ಅವಳದ್ದೇ ಫೋನು. ಸ್ವರದಲ್ಲೇ ಖುಷಿ. ಅಲ್ಲೇ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಲೋಕಲ್ ಟ್ರೇನಿನಲ್ಲಿ ಹೋಗಿಬರೂದು.

"ನಿಂತೇ ಹೋಗ್ಬೇಕು ಅಂತ ಹೆದರಿದ್ದೆ ಮಾರಾಯ್ತಿ. ಒಬ್ಳು ಸಿಕ್ಕಿದಾಳೆ, ಸುಮಲತಾ ಅಂತ. ಕುಂದಾಪುರದ ಬದಿಯವಳು. ನಂಗೆ ಜಾಗ ಹಿಡಿದು ಇಡ್ತಾಳೆ."

"ಚೊಲೋ ಆಯ್ತು," ಅಂದೆ.

"ಕನ್ನಡ ಮಾತಾಡ್ತಾಳೆ. ನಿನ್ನ ಸುದ್ದಿ ಎಲ್ಲ ಹೇಳಿದ್ದೆ."

"ಚೊಲೋ ಆಯ್ತು."

ಸುಳ್ಳಲ್ಲ. ಅವಳು ಒಬ್ಬಳೇ ನಿಂತು ಹೋಗ್ಬಾರದು. ಆದರೆ ಫೋನ್ ಇಟ್ಟ ಮೇಲೆ ಅನ್ನಕ್ಕೆ ಇಡಲಿಕ್ಕೂ ಏಳಲಿಲ್ಲ. ಬೆಳಗಿನಿಂದ ಆಡಿದ ಮಾತು, ಹಾಲಿನವನಿಗೆ "ಅರ್ಧ ಲೀಟರ್ ಸಾಕು", ಆಮೇಲೆ ಈ "ಚೊಲೋ ಆಯ್ತು".

ನಾಳೆ ಬಸ್ಸಿನಲ್ಲಿ ಪಕ್ಕದಲ್ಲಿ ಯಾರು ಕೂತರೂ ನಾನೇ ಮೊದಲು ಮಾತಾಡಿಸ್ಬೇಕು. ಎಂತ ಕೇಳೂದು ಅಂತಲೇ ತಿಳಿಯೂದಿಲ್ಲ. ನೀವು ದಿನಾ ಇದೇ ಬಸ್ಸಿಗಾ ಅಂತ ಕೇಳಿದರೆ... ಅವರು ಹೌದು ಅಂದರೆ, ನಾಡಿದ್ದಿನಿಂದ ಬ್ಯಾಗ್ ಇಟ್ಟು ಜಾಗ ಹಿಡೀಬಹುದು.